ಹಾಡೋರ ಹೆಸರು ಬ್ಯಾನರ್‌ನಲ್ಲಿ, ನುಡಿಸೋರ ಬ್ಯಾಲೆನ್ಸ್ ನಾಳೆಗೆ: ಆರ್ಕೆಸ್ಟ್ರಾ ಪ್ಲೇಯರ್‌ಗಳ ದುಡ್ಡು ಎಲ್ಲಿ ಕಟ್ ಆಗುತ್ತೆ?

ಬೆಂಗಳೂರು ನಗರ ಜಿಲ್ಲೆ: ರಾತ್ರಿ ಹತ್ತು ಗಂಟೆ. ಪೀಣ್ಯದ ಒಂದು ಕ್ರಾಸ್‌ನಲ್ಲಿ ರಾಜ್ಯೋತ್ಸವದ ವೇದಿಕೆ. ಕೊನೆ ಹಾಡು ಮುಗಿದಿದೆ. ಗಾಯಕರಿಗೆ ಶಾಲು, ಹಾರ ಹಾಕಿ ಫೋಟೋ ತೆಗೆಸಿಕೊಳ್ಳೋಕೆ ಜನ ಮುಗಿಬಿದ್ದಿದ್ದಾರೆ. ಕೀಬೋರ್ಡ್, ರಿದಂ ಪ್ಯಾಡ್, ಡೋಲಕ್ ನುಡಿಸಿದವರು ವೈರ್ ಸುತ್ತಿ, ವಾದ್ಯಗಳನ್ನು ಚೀಲಕ್ಕೆ ತುಂಬಿ ಟೆಂಪೋ ಪಕ್ಕ ನಿಂತಿದ್ದಾರೆ. ತಂಡದ ಲೀಡರ್ ಸಮಿತಿಯವರ ಹತ್ತಿರ ದುಡ್ಡು ಇಸ್ಕೊಂಡು ಬರಬೇಕು. "ಅಣ್ಣಾ, ಅರ್ಧ ಈಗ ಇಟ್ಕೊಳ್ಳಿ, ಬ್ಯಾಲೆನ್ಸ್ ನಾಳೆ ಫೋನ್‌ಪೇ ಮಾಡ್ತೀವಿ" ಅನ್ನೋ ಮಾತು ಬಂದರೆ, ಆ ನಾಳೆಯ ಭಾರ ಬೀಳೋದು ಹಿಂದೆ ನಿಂತವರ ಮೇಲೆ.

ಗಣೇಶ ಹಬ್ಬ, ಅಣ್ಣಮ್ಮ ದೇವಿ ಉತ್ಸವ, ರಾಜ್ಯೋತ್ಸವ, ಜಾತ್ರೆ, ಕಂಪನಿ ವಾರ್ಷಿಕೋತ್ಸವ ಎಲ್ಲದಕ್ಕೂ ಇವರು ಬೇಕು. ಕರೆಸೋರು ನಮ್ಮ ಬೀದಿಯ ಸಮಿತಿಗಳೇ, ಚಂದಾ ಕೊಡೋರು ನಮ್ಮ ಅಂಗಡಿಯವರೇ. ಹಾಗಾಗಿ ಈ ಕೆಲಸ ಹೇಗೆ ನಡೆಯುತ್ತೆ, ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತೆ ಅನ್ನೋದು ಎಲ್ಲರಿಗೂ ಗೊತ್ತಿದ್ದರೆ ಒಳ್ಳೇದು.

ಯಾರು ಈ ಪ್ಲೇಯರ್‌ಗಳು?

ಸಂಗೀತ ಕಚೇರಿಯಲ್ಲಿ ಪಕ್ಕವಾದ್ಯದವರು ಅಂತೀವಲ್ಲ, ಆರ್ಕೆಸ್ಟ್ರಾದಲ್ಲಿ ಅವರೇ ಪ್ಲೇಯರ್‌ಗಳು. ಬಹಳಷ್ಟು ಜನ ಯಾವ ತಂಡಕ್ಕೂ ಕಾಯಂ ಅಲ್ಲ. ಇವತ್ತು ಒಂದು ತಂಡ, ನಾಳೆ ಇನ್ನೊಂದು. ಬ್ಯಾನರ್ ಬೇರೆ, ಗಾಯಕರು ಬೇರೆ, ಕೀಬೋರ್ಡ್ ಹಿಂದೆ ಮಾತ್ರ ಅದೇ ಮುಖ. ಸಂಬಳ ಇಲ್ಲ, ಕಾರ್ಯಕ್ರಮಕ್ಕೆ ಇಷ್ಟು ಅಂತ ಲೆಕ್ಕ. ಲೀಡರ್ ಫೋನ್ ಮಾಡಿ "ಹದಿನಾಲ್ಕನೇ ತಾರೀಖು ಫ್ರೀ ಇದ್ದೀರಾ?" ಅಂತ ಕೇಳೋದೇ ಇವರಿಗೆ ಅಪಾಯಿಂಟ್‌ಮೆಂಟ್ ಲೆಟರ್.

ಒಂದೇ ವಾರದಲ್ಲಿ ಮೂರು ಲೋಕ

ಬೆಂಗಳೂರಿನ ಹೊರವಲಯದಲ್ಲಿ ಈ ಕೆಲಸಕ್ಕೆ ಒಂದೇ ಥರದ ಹಾಡು ಗೊತ್ತಿದ್ದರೆ ಸಾಲದು. ಪೀಣ್ಯ, ದಾಸರಹಳ್ಳಿ ಕಡೆ ತುಮಕೂರು, ಹಾಸನ, ಉತ್ತರ ಕರ್ನಾಟಕದಿಂದ ಬಂದ ಕಾರ್ಮಿಕರು ಹೆಚ್ಚು. ಅಲ್ಲಿ ರಾಜ್‌ಕುಮಾರ್, ವಿಷ್ಣುವರ್ಧನ್, ಪುನೀತ್ ಹಾಡು ಬೇಕು, ಜೊತೆಗೆ ಉತ್ತರ ಕರ್ನಾಟಕದ ಜಾನಪದ ಬೇಕೇ ಬೇಕು. ಫ್ಯಾಕ್ಟರಿಗಳ ಆಯುಧಪೂಜೆಗೆ ಭಕ್ತಿಗೀತೆಯಿಂದ ಶುರುಮಾಡಿ ಕುಣಿಯೋ ಹಾಡಲ್ಲಿ ಮುಗಿಸಬೇಕು.

ವೈಟ್‌ಫೀಲ್ಡ್‌ನಲ್ಲಿ ಕೇಳುವವರೇ ಬೇರೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯಕ್ರಮದಲ್ಲಿ ಹಳೇ ಹಿಂದಿ, ತೆಲುಗು, ತಮಿಳು, ಮಲಯಾಳಂ, ಕನ್ನಡ ಎಲ್ಲ ಬರಬೇಕು. ಪಬ್‌ಗಳಲ್ಲಿ ಇಂಗ್ಲಿಷ್ ಹಾಡು. ಇಪಿಐಪಿ ವಲಯದ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್‌ನಂಥ ಕಡೆ ಜಾಝ್ ಕೇಳೋಕೇ ಬಂದು ಕೂರುವ ಜನ ಇದ್ದಾರೆ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಅತ್ತಿಬೆಲೆ ಕಡೆ ಹೋದರೆ ಹೊಸೂರು ಗಡಿ ಹತ್ತಿರ, ತಮಿಳು, ತೆಲುಗು ಹಾಡಿಗೆ ಚೀಟಿ ಬರುತ್ತೆ. ಅದೇ ಆನೇಕಲ್ ತಾಲ್ಲೂಕಿನ ಹಳ್ಳಿ ಜಾತ್ರೆ ಆದರೆ ದೇವಿ ಹಾಡು ಮೊದಲು, ಉಳಿದದ್ದು ಆಮೇಲೆ.

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಈ ಮೂರೂ ಕಡೆಗೆ ಮೆಟ್ರೋ ಇದೆ. ಆದರೆ ಕೀಬೋರ್ಡ್, ಸ್ಟ್ಯಾಂಡ್, ಪ್ಯಾಡ್ ಹೊತ್ತವರಿಗೆ ಟೆಂಪೋನೇ ಗತಿ. ಸಂಜೆ ಏಳಕ್ಕೆ ಕಾರ್ಯಕ್ರಮ ಅಂದರೆ ಟ್ರಾಫಿಕ್, ಸೌಂಡ್ ಚೆಕ್ ಲೆಕ್ಕ ಹಾಕಿ ಮಧ್ಯಾಹ್ನವೇ ಮನೆ ಬಿಡಬೇಕು. ಮೂರು ಗಂಟೆ ಕಾರ್ಯಕ್ರಮಕ್ಕೆ ಒಂದು ಪೂರ್ತಿ ದಿನ ಹೋಗುತ್ತೆ.

ರಿಹರ್ಸಲ್ ಇಲ್ಲದೆ ನುಡಿಸೋದು ಹೇಗೆ?

ಹೊಸ ಗಾಯಕರು ವೇದಿಕೆಗೆ ಬಂದು ಕಿವಿಯಲ್ಲಿ ಹಾಡಿನ ಹೆಸರು, ಶ್ರುತಿ ಹೇಳ್ತಾರೆ. ಅಷ್ಟೇ ತಯಾರಿ. ಶ್ರುತಿಯನ್ನು ನಮ್ಮ ಕಡೆ 'ಮನೆ' ಲೆಕ್ಕದಲ್ಲಿ ಹೇಳೋದು ರೂಢಿ. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ, ಎರಡು ಮನೆ. ಹೆಣ್ಣುಮಕ್ಕಳು ಐದು, ಐದೂವರೆ ಮನೆ ಆಸುಪಾಸು. ಸಿನಿಮಾದಲ್ಲಿ ಎತ್ತರದ ಶ್ರುತಿಯಲ್ಲಿ ಇರುವ ಹಾಡು ಇವತ್ತಿನ ಗಾಯಕರ ಗಂಟಲಿಗೆ ಏರದೇ ಇರಬಹುದು. ಆಗ ಇಡೀ ತಂಡ ಅವರಿಗೋಸ್ಕರ ಕೆಳಗೆ ಇಳಿಯಬೇಕು.

ಕೀಬೋರ್ಡ್‌ನಲ್ಲಿ ಅದಕ್ಕೆ ಟ್ರಾನ್ಸ್‌ಪೋಸ್ ಬಟನ್ ಇದೆ. ಗಿಟಾರ್‌ನವರು ಕೇಪೋ ಹಾಕ್ತಾರೆ, ಇಲ್ಲವೇ ಬೆರಳು ಬದಲಿಸ್ತಾರೆ. ಕೊಳಲಿನವರಿಗೆ ಬಟನ್ ಇಲ್ಲ, ಒಂದೊಂದು ಶ್ರುತಿಗೆ ಒಂದೊಂದು ಕೊಳಲು, ಅದಕ್ಕೇ ಅವರ ಚೀಲದಲ್ಲಿ ಹತ್ತಾರು ಕೊಳಲು ಇರುತ್ತೆ. ತಬಲಾದವರು ಸುತ್ತಿಗೆ ಹಿಡಿದು ಶ್ರುತಿ ಸೇರಿಸ್ತಾರೆ. ರಿದಂ ಪ್ಯಾಡ್‌ನವರು ಡೋಲಕ್, ತಮಟೆ, ಗೆಜ್ಜೆ, ಡ್ರಮ್ಸ್ ಎಲ್ಲವನ್ನೂ ಎಂಟು ಪ್ಯಾಡ್‌ನಲ್ಲಿ ಕೂಡಿಸಿಟ್ಟು, ಹಾಡಿಗೆ ತಕ್ಕ ಹಾಗೆ ಸೆಟ್ ಬದಲಿಸ್ತಾರೆ. ಈ ಆಕ್ಟೋಪ್ಯಾಡ್ ಅನ್ನೋ ಯಂತ್ರವನ್ನು ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ ತಂದಿತು. ನಾಲ್ಕು ಜನರ ಕೆಲಸ ಒಬ್ಬರ ಕೈಗೆ ಬಂತು. ತಂಡ ಸಣ್ಣದಾಯ್ತು, ಉಳಿದವರ ಹೊಣೆ ದೊಡ್ಡದಾಯ್ತು.

ಗಾಯಕರು ಚರಣ ಮರೆತು ಪಲ್ಲವಿಗೆ ಹಾರಿದರೆ ಇವರೂ ಕಣ್ಣಲ್ಲೇ ಸನ್ನೆ ಮಾಡಿಕೊಂಡು ಹಾರಬೇಕು. ತಪ್ಪು ಆಗಿದ್ದೇ ಕೆಳಗೆ ಕೂತವರಿಗೆ ಗೊತ್ತಾಗಬಾರದು. ಚೆನ್ನಾಗಿ ನುಡಿಸಿದಷ್ಟೂ ಇವರ ಕಡೆ ಯಾರ ಗಮನವೂ ಹೋಗಲ್ಲ.

ಹೀಗೆ ಹಿಂದೆ ಕೂತು ಕಲಿತವರಲ್ಲಿ ದೊಡ್ಡವರೂ ಇದ್ದಾರೆ. ಇಳಯರಾಜ ಸ್ವಂತವಾಗಿ ಸಂಗೀತ ಕೊಡುವ ಮೊದಲು ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಅನೇಕ ಕನ್ನಡ ಚಿತ್ರಗಳಿಗೆ ದುಡಿದವರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ತಂಡದಲ್ಲಿ ಹಾರ್ಮೋನಿಯಂ, ಗಿಟಾರ್ ನುಡಿಸಿದವರು. ಎ.ಆರ್. ರೆಹಮಾನ್ 1992ರ 'ರೋಜಾ'ಗೆ ಮೊದಲು ಕೀಬೋರ್ಡ್ ವಾದಕರಾಗಿ ವಿಜಯಭಾಸ್ಕರ್ ಅವರಂಥ ಕನ್ನಡದ ಸಂಗೀತ ನಿರ್ದೇಶಕರ ಜೊತೆ ಕೆಲಸ ಮಾಡಿದವರು. ಆದರೆ ಹೆಚ್ಚಿನ ಪ್ಲೇಯರ್‌ಗಳು ಕೊನೆವರೆಗೂ ಪ್ಲೇಯರ್‌ಗಳೇ. ಅದು ಸೋಲಲ್ಲ, ಅದೇ ಅವರ ಕಸುಬು.

ದುಡ್ಡು ಕಟ್ ಆಗೋದು ಎಲ್ಲಿ?

ಅರ್ಥವಾಗಲಿ ಅಂತ ಒಂದು ಲೆಕ್ಕ ಹಾಕಿ ನೋಡೋಣ. ರೇಟು ಊರಿಂದ ಊರಿಗೆ, ತಂಡದಿಂದ ತಂಡಕ್ಕೆ ಬೇರೆ. ಸಮಿತಿ 50,000 ರೂಪಾಯಿಗೆ ತಂಡ ಒಪ್ಪಿಸಿತು ಅಂದುಕೊಳ್ಳಿ. ಸೌಂಡ್, ಲೈಟ್‌ಗೆ 14,000, ಟೆಂಪೋಗೆ 4,000, ಇಬ್ಬರು ಗಾಯಕರಿಗೆ 16,000, ನಾಲ್ಕು ಪ್ಲೇಯರ್‌ಗಳಿಗೆ ತಲಾ 3,000ದಂತೆ 12,000, ಲೀಡರ್‌ಗೆ 4,000.

ಕಾರ್ಯಕ್ರಮ ಮುಗಿದಾಗ ಚಂದಾ ಕಮ್ಮಿ ಬಂತು ಅಂತ ಸಮಿತಿ 8,000 ಹಿಡಿದುಕೊಂಡಿತು. ಸೌಂಡ್‌ನವರು, ಟೆಂಪೋದವರು ಮೊದಲೇ ಅಡ್ವಾನ್ಸ್ ಇಸ್ಕೊಂಡಿದ್ದಾರೆ. ಹೆಸರಿರುವ ಗಾಯಕರಿಗೆ ಕಮ್ಮಿ ಕೊಟ್ಟರೆ ಮುಂದಿನ ಸಲ ಬರಲ್ಲ. ಉಳಿದದ್ದು 8,000. ಲೀಡರ್ ತನ್ನ ಪಾಲು ತಗೊಂಡರೆ ಒಬ್ಬೊಬ್ಬ ಪ್ಲೇಯರ್‌ಗೆ ಸಿಗೋದು 1,000. ಲೀಡರ್ ಪೂರ್ತಿ ಬಿಟ್ಟುಕೊಟ್ಟರೂ 2,000. ಸಮಿತಿ ಒಟ್ಟು ಮೊತ್ತದಲ್ಲಿ ಉಳಿಸಿಕೊಂಡಿದ್ದು ಶೇ 16. ಪ್ಲೇಯರ್ ಕಳೆದುಕೊಂಡಿದ್ದು ಮೂರರಲ್ಲಿ ಎರಡು ಪಾಲು.

ಸಮಿತಿಯವರಿಗೆ ಕೆಟ್ಟ ಉದ್ದೇಶ ಇರಬೇಕು ಅಂತಿಲ್ಲ. ಅವರ ಮಾತುಕತೆ ಲೀಡರ್ ಜೊತೆ, ಪ್ಲೇಯರ್ ಜೊತೆ ಅಲ್ಲ. ತಾವು ಹಿಡಿದ ದುಡ್ಡು ಯಾರದು ಅಂತ ಅವರಿಗೆ ಕಾಣೋದೇ ಇಲ್ಲ.

ಇನ್ನೊಂದು ವಿಷಯ ಸೀಸನ್. ಗಣೇಶ ಹಬ್ಬದಿಂದ ನವೆಂಬರ್ ದಾಟುವವರೆಗೆ ಕೈತುಂಬಾ ಕೆಲಸ, ಬೇಸಿಗೆಯಲ್ಲಿ ಜಾತ್ರೆ, ಮದುವೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆ ಇಲ್ಲ. ಸೀಸನ್‌ನಲ್ಲಿ ತಪ್ಪಿದ ದುಡ್ಡು ಆಷಾಢದ ಮನೆ ಬಾಡಿಗೆ. ಕೋವಿಡ್ ಕಾಲದಲ್ಲಿ ವೇದಿಕೆಗಳೇ ನಿಂತಾಗ ಇದು ಎಲ್ಲರಿಗೂ ಕಂಡಿತು. 2021ರ ಮೇನಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಪರಿಹಾರದಲ್ಲಿ ಕಲಾವಿದರಿಗೆ ಇಟ್ಟಿದ್ದು 3,000 ರೂಪಾಯಿ.

ಹತ್ತು ಗಂಟೆ ನಿಯಮ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ಹಗಲಲ್ಲಿ ಧ್ವನಿವರ್ಧಕ ಹಾಕೋಕೂ ಲಿಖಿತ ಅನುಮತಿ ಬೇಕು. ಹಗಲಿನ ಶಬ್ದದ ಮಿತಿ ವಸತಿ ಪ್ರದೇಶದಲ್ಲಿ 55 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 65, ಕೈಗಾರಿಕಾ ಪ್ರದೇಶದಲ್ಲಿ 75.

ಇದಕ್ಕೂ ಪ್ಲೇಯರ್ ದುಡ್ಡಿಗೂ ಸಂಬಂಧ ಇದೆ. ಆರು ಗಂಟೆಗೆ ಅಂತ ಪಾಂಪ್ಲೆಟ್ ಹಾಕಿ, ಭಾಷಣ, ಸನ್ಮಾನ ಮುಗಿಸೋಷ್ಟರಲ್ಲಿ ಒಂಬತ್ತು ಆಗುತ್ತೆ. ಹತ್ತಕ್ಕೆ ಪೊಲೀಸರು ಬಂದು ನಿಲ್ಲಿಸಿದರೆ "ಒಂದೇ ಗಂಟೆ ನುಡಿಸಿದ್ದೀರಲ್ಲಾ" ಅಂತ ದುಡ್ಡು ಕತ್ತರಿಸ್ತಾರೆ. ಪ್ಲೇಯರ್ ಮಾತ್ರ ಮಧ್ಯಾಹ್ನದಿಂದ ಅಲ್ಲೇ ಇದ್ದ.

ಸ್ಟುಡಿಯೋ ಕೆಲಸ: ಹೆಸರು ಹಾಕಿಸಿಕೊಳ್ಳೋದು ಯಾಕೆ ಮುಖ್ಯ?

ವೇದಿಕೆ ಇಲ್ಲದ ದಿನ ಸ್ಟುಡಿಯೋದಲ್ಲಿ ಭಕ್ತಿಗೀತೆ, ಸಿನಿಮಾ ಹಾಡು, ಜಾಹೀರಾತಿಗೆ ನುಡಿಸುವವರಿದ್ದಾರೆ. ಒಮ್ಮೆ ದುಡ್ಡು ಕೊಟ್ಟರೆ ಮುಗೀತು ಅನ್ನೋದು ರೂಢಿ. ಆದರೆ 2012ರ ಕೃತಿಸ್ವಾಮ್ಯ ತಿದ್ದುಪಡಿ ಕಾಯ್ದೆ ಹಾಡುವವರು, ನುಡಿಸುವವರಿಗೂ ಅವರ ಪ್ರದರ್ಶನದ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿ ಹಕ್ಕು ಕೊಟ್ಟಿದೆ. ಈ ಪ್ರದರ್ಶಕರ ಹಕ್ಕಿನ ಅವಧಿ 50 ವರ್ಷ.

ಅದೇ ಕಾಯ್ದೆಯಲ್ಲಿ ಒಂದು ತೊಡಕೂ ಇದೆ. ಸಿನಿಮಾದಲ್ಲಿ ಪ್ರಾಸಂಗಿಕವಾಗಿ ಸಣ್ಣ ಪಾಲು ಮಾಡಿ, ಉದ್ಯಮದ ರೂಢಿಯಂತೆ ಹೆಸರು ಎಲ್ಲೂ ಹಾಕದೇ ಇರುವವರನ್ನು ಬಹುತೇಕ ಹಕ್ಕುಗಳ ಮಟ್ಟಿಗೆ 'ಪ್ರದರ್ಶಕ' ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಹಾಗಾಗಿ ಟೈಟಲ್ ಕಾರ್ಡ್‌ನಲ್ಲಿ, ಯೂಟ್ಯೂಬ್ ವಿವರಣೆಯಲ್ಲಿ ಹೆಸರು ಕೇಳೋದು ಪ್ರಚಾರದ ಆಸೆ ಅಲ್ಲ, ದಾಖಲೆ.

ಸಮಿತಿಯವರು, ಅಂಗಡಿಯವರು ಏನು ಮಾಡಬಹುದು?

* ಒಪ್ಪಂದ ಒಂದು ಹಾಳೆಯಲ್ಲಿ ಇರಲಿ. ದಿನಾಂಕ, ಸಮಯ, ಒಟ್ಟು ಮೊತ್ತ, ಎಷ್ಟು ಪ್ಲೇಯರ್‌ಗಳು, ಬ್ಯಾಲೆನ್ಸ್ ಯಾವಾಗ ಅನ್ನೋದು ಬರೆದು ಎರಡೂ ಕಡೆ ಸಹಿ ಹಾಕಿ. ವಾಟ್ಸಾಪ್ ಮೆಸೇಜ್ ಆದರೂ ಸರಿ.
* ಬ್ಯಾಲೆನ್ಸ್ ಅನ್ನು ಕೊನೆ ಹಾಡಿಗೆ ಮೊದಲು ಕೊಡಿ. ಕಾರ್ಯಕ್ರಮ ಮುಗಿದ ಮೇಲೆ ಖಜಾಂಚಿಯನ್ನ ಹುಡುಕೋದು ಕಷ್ಟ.
* ಚಂದಾ ಕಮ್ಮಿ ಬರಬಹುದು ಅನಿಸಿದರೆ ಮೊದಲೇ ಚಿಕ್ಕ ತಂಡ ಕೇಳಿ. ಕರೆಸಿ ಕಡಿಮೆ ಕೊಡೋದಕ್ಕಿಂತ ಇದು ಮೇಲು.
* ಮಳೆ ಬಂದರೆ, ಅನುಮತಿ ಸಿಗದಿದ್ದರೆ, ಹತ್ತಕ್ಕೆ ನಿಂತರೆ ಎಷ್ಟು ಕೊಡಬೇಕು ಅಂತ ಮೊದಲೇ ಮಾತಾಡಿ. ಭಾಷಣಕ್ಕೂ ಸಮಯ ಗೊತ್ತು ಮಾಡಿ.
* ಪ್ರಾಯೋಜಕರಾಗಿ ದುಡ್ಡು ಕೊಡುವ ಅಂಗಡಿಯವರು "ತಂಡದ ಬ್ಯಾಲೆನ್ಸ್ ಕೊಟ್ಟಾಯ್ತಾ?" ಅಂತ ಒಂದು ಮಾತು ಕೇಳಿ. ಕೇಳೋರು ಇದ್ದಾರೆ ಅಂದರೆ ಲೆಕ್ಕ ಸರಿ ಇರುತ್ತೆ.

ಪ್ಲೇಯರ್‌ಗಳು ಏನು ಮಾಡಿಕೊಳ್ಳಬಹುದು?

* ಪಿಎಫ್, ಇಎಸ್‌ಐ ಇಲ್ಲದ, 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು ಇ-ಶ್ರಮ್ ಪೋರ್ಟಲ್‌ನಲ್ಲಿ ನೋಂದಾಯಿಸಬಹುದು.
* ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಇದೆ, 18ರಿಂದ 70 ವರ್ಷದವರಿಗೆ. ರಾತ್ರಿ ಟೆಂಪೋದಲ್ಲಿ ಓಡಾಡೋರಿಗೆ ಇದು ಬೇಕೇ ಬೇಕು.
* ಕಂಪನಿ ಕಾರ್ಯಕ್ರಮದಲ್ಲಿ ಟಿಡಿಎಸ್ ಹಿಡಿದರೆ ಅದು ಬಿಲ್ ಕೊಟ್ಟವರ ಪ್ಯಾನ್‌ಗೆ ಜಮಾ ಆಗುತ್ತೆ. ಬಿಲ್ ಲೀಡರ್ ಹೆಸರಲ್ಲಿ ಇದ್ದು, ಕಡಿತ ಮಾತ್ರ ಎಲ್ಲರಿಗೂ ಹಂಚಿದರೆ ಪ್ಲೇಯರ್‌ಗೆ ಅದು ವಾಪಸ್ ಬರಲ್ಲ. ಈ ವಿಷಯ ಮೊದಲೇ ಕೇಳಿಕೊಳ್ಳಬೇಕು.
* ನುಡಿಸಿದ ಕಾರ್ಯಕ್ರಮಗಳ ಕರಪತ್ರ, ಫೋಟೋ, ಪ್ರಮಾಣಪತ್ರ ಜೋಪಾನವಾಗಿಡಿ. ವಯಸ್ಸಾದ ಮೇಲೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಕಲಾಸೇವೆ ತೋರಿಸೋಕೆ ಇವೇ ಆಧಾರ.

ಈಗ ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಹಾಕಿ ಹಾಡೋದು, ಡಿಜೆ ಕರೆಸೋದು ಹೆಚ್ಚಾಗ್ತಿದೆ, ಖರ್ಚು ಕಮ್ಮಿ. ಆದರೆ ಊರ ಹಿರಿಯರು ಚೀಟಿ ಕಳಿಸಿ ಕೇಳಿದ ಹಳೇ ಹಾಡು ಪೆನ್‌ಡ್ರೈವ್‌ನಲ್ಲಿ ಇಲ್ಲದಿದ್ದರೆ ಇಲ್ಲ. ವೇದಿಕೆಗೆ ಬಂದು ಎರಡು ಸಾಲು ಹಾಡುವ ಬೀದಿಯ ಮಗುವಿನ ಶ್ರುತಿಗೆ ಯಾವ ಟ್ರ್ಯಾಕೂ ತಾನಾಗಿ ಇಳಿದು ಬರಲ್ಲ. ಆ ಕೆಲಸ ಮಾಡೋಕೆ ಕೀಬೋರ್ಡ್ ಹಿಂದೆ ಒಬ್ಬರು ಇರಬೇಕು, ಮುಂದಿನ ವರ್ಷವೂ ಅವರು ಈ ಕಸುಬಿನಲ್ಲೇ ಉಳಿದಿರಬೇಕು.