ಒಂದೇ ದಪ್ಪದ ಬೋಲ್ಟ್, ಬೇರೆ ಬೇರೆ ಬಿಗಿತ

ಎಂಜಿನ್ ರಿಪೇರಿಯಲ್ಲಿ ಸಿಲಿಂಡರ್ ಹೆಡ್ಡಿನ ಒಂದು ಬೋಲ್ಟ್ ಹಾಳಾದರೆ, ಹಳೆಯ ಡಬ್ಬಿಯಿಂದ ಅದೇ ದಪ್ಪದ ಇನ್ನೊಂದನ್ನು ಹುಡುಕಿ ಹಾಕುವುದುಂಟು. ಆದರೆ ತೂತಿಗೆ ಹೊಂದಿದ ಬೋಲ್ಟೆಲ್ಲ ಆ ಜಾಗಕ್ಕೆ ತಕ್ಕದ್ದಲ್ಲ. ಏಕೆ?

ಬಿಗಿಗೊಳಿಸಿದಾಗ ಬೋಲ್ಟ್ ಸ್ಪ್ರಿಂಗ್‌ನಂತೆ ತುಸು ಹಿಗ್ಗುತ್ತದೆ. ಮೊದಲಿನ ಉದ್ದಕ್ಕೆ ಮರಳಲು ಅದು ಎಳೆಯುವ ಬಲವೇ ಹೆಡ್ ಮತ್ತು ಬ್ಲಾಕಿನ ನಡುವಿನ ಗ್ಯಾಸ್ಕೆಟನ್ನು ಒತ್ತಿ ಹಿಡಿಯುತ್ತದೆ. ಪ್ರಥಮ ಪಿಯುಸಿಯಲ್ಲಿ ನಾವು ಓದುವ ಹುಕ್‌ನ ನಿಯಮ ಇಲ್ಲಿ ಕೆಲಸ ಮಾಡುತ್ತದೆ.

ಟಾರ್ಕ್ ರೆಂಚ್ ಈ ಹಿಗ್ಗುವಿಕೆಯನ್ನು ಅಳೆಯುವುದಿಲ್ಲ; ತಿರುಗಿಸಲು ಹಾಕಿದ ಟಾರ್ಕನ್ನು ಮಾತ್ರ ತೋರಿಸುತ್ತದೆ. ಅದರಲ್ಲಿ ಸುಮಾರು ಶೇ. 90 ಭಾಗ ಬೋಲ್ಟಿನ ತಲೆಯಡಿ ಮತ್ತು ಥ್ರೆಡ್‌ಗಳಲ್ಲಿ ಘರ್ಷಣೆಗೇ ಹೋಗುತ್ತದೆ. ಒಂದು ವಾಷರ್ ನುಣುಪಾಗಿ, ಮತ್ತೊಂದು ಒರಟಾಗಿದ್ದರೆ ರೆಂಚ್ ಒಂದೇ ಅಂಕಿ ತೋರಿಸಿದರೂ ಬಿಗಿತ ಬೇರೆಯಾಗುತ್ತದೆ. ಮೆದು ವಾಷರ್ ಅದುಮಿಕೊಂಡರೆ ಬಿಗಿತ ಕಡಿಮೆಯಾಗುತ್ತದೆ. ದಪ್ಪ ವಾಷರ್ ಹಾಕಿದರೆ ಥ್ರೆಡ್‌ನ ಹಿಡಿತ ತಗ್ಗುತ್ತದೆ. ಬೋಲ್ಟ್ ಉದ್ದವಾಗಿ ತೂತಿನ ತಳ ಮುಟ್ಟಿದರೆ ಹೆಡ್ ಬಿಗಿಯಾಗುವುದೇ ಇಲ್ಲ.

ಲೋಹದ ಶಕ್ತಿಯೂ ಮುಖ್ಯ. ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದು ಸುಮಾರು 800 ಮೆಗಾಪಾಸ್ಕಲ್ ಎಳೆತ ತಡೆಯುತ್ತದೆ, 10.9 ಎಂದಿದ್ದರೆ ಸುಮಾರು 1000.

ಬಿಗಿತ ಕಡಿಮೆಯಾದ ಕಡೆ ಗ್ಯಾಸ್ಕೆಟ್ ಸೋರುತ್ತದೆ. ರೇಡಿಯೇಟರ್ ನೀರು ಆಯಿಲ್‌ಗೆ ಸೇರಿ ಬೇರಿಂಗ್‌ಗಳು ಹಾಳಾಗಬಹುದು, ಎಂಜಿನ್ ವಿಪರೀತ ಕಾದು ಹೆಡ್ ಸೊಟ್ಟಗಾಗಬಹುದು. ಹಾಗಾಗಿ ಉದ್ದ, ಥ್ರೆಡ್, ತಲೆಯ ಅಂಕಿ, ವಾಷರ್ ನಾಲ್ಕನ್ನೂ ಕೈಪಿಡಿಯೊಂದಿಗೆ ಹೋಲಿಸಿ ನೋಡಬೇಕು. ಹೊಂದದಿದ್ದರೆ ಇಡೀ ಸೆಟ್ಟನ್ನೇ ಬದಲಿಸುವುದು ಲೇಸು. ಬೋಲ್ಟ್ ಸೆಟ್ಟಿನ ಬೆಲೆ ಎಂಜಿನ್ನಿನ ಬೆಲೆಗಿಂತ ಬಹಳ ಕಡಿಮೆ.