ಮುಟ್ಟಿದ ಕಾಯಿ

ಭಾನುವಾರದ ಬೆಳಗು. ರಾಜಾಜಿನಗರದ ಯಾವುದೋ ಒಂದು ಶಾಲೆಯ ಸಭಾಂಗಣ. ಇಲ್ಲವೆ, ಮುಹೂರ್ತವಿಲ್ಲದ ಕಾರಣ ಅಂದು ಬರಿದಾಗಿರುವ ವಿಜಯನಗರದ ಒಂದು ಕಲ್ಯಾಣಮಂಟಪ. ಉದ್ದನೆಯ ಮೇಜುಗಳ ಮೇಲೆ ಸಾಲುಸಾಲಾಗಿ ಚದುರಂಗದ ಮಣೆಗಳು. ಪ್ರತಿಯೊಂದು ಮಣೆಯ ಪಕ್ಕದಲ್ಲಿಯೂ ಒಂದು ಜೋಡಿ ಗಡಿಯಾರ. ಬಸವೇಶ್ವರನಗರದಿಂದ ತಂದೆಯ ಸ್ಕೂಟರಿನ ಹಿಂದೆ ಕುಳಿತು ಬಂದ ಹುಡುಗನೊಬ್ಬ. ಕೆಂಗೇರಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ಚಿತ್ರಾನ್ನದ ಡಬ್ಬಿ ಹಿಡಿದ ತಾಯಿಯೊಡನೆ ಬಂದ ಹುಡುಗಿಯೊಬ್ಬಳು. ಒಂಬತ್ತು ವರ್ಷದೊಳಗಿನವರು, ಹನ್ನೊಂದು ವರ್ಷದೊಳಗಿನವರು, ಹದಿಮೂರು ವರ್ಷದೊಳಗಿನವರು ಎಂದು ವಿಭಾಗಗಳು. ತೀರ್ಪುಗಾರರು ನಾಲ್ಕು ಮಾತು ಹೇಳುತ್ತಾರೆ. ತಂದೆತಾಯಿಗಳನ್ನು ಹೊರಗೆ ಕಳುಹಿಸುತ್ತಾರೆ. ಆಟಗಾರರು ಪರಸ್ಪರ ಕೈಕುಲುಕುತ್ತಾರೆ. ಮರುಕ್ಷಣವೇ ಆ ದೊಡ್ಡ ಹಜಾರದಲ್ಲಿ ನಿಶ್ಶಬ್ದ. ಗಡಿಯಾರದ ಗುಂಡಿಯನ್ನು ಒತ್ತುವ ಸದ್ದೊಂದನ್ನು ಬಿಟ್ಟರೆ ಬೇರೆ ಸದ್ದಿಲ್ಲ.

ಮನೆಯಲ್ಲಿ ಒಂದು ನಿಮಿಷ ಸುಮ್ಮನೆ ಕುಳಿತರಿಯದ ಮಕ್ಕಳನ್ನು ಗಂಟೆಗಟ್ಟಲೆ ಹೀಗೆ ಹಿಡಿದು ಕೂರಿಸುವ ಶಕ್ತಿ ಯಾವುದು? ಆಟದ ಆಕರ್ಷಣೆ ಒಂದು. ಆಟದ ಕಟ್ಟುಪಾಡು ಇನ್ನೊಂದು. ಆಕರ್ಷಣೆಯ ಮಾತನ್ನು ಎಲ್ಲರೂ ಆಡುತ್ತಾರೆ. ಕಟ್ಟುಪಾಡಿನ ಮಾತನ್ನು ಆಡುವವರು ವಿರಳ. ಆದರೆ ಮಗುವನ್ನು ಸ್ಪರ್ಧೆಗೆ ಕರೆತರುವ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದದ್ದು ಈ ಎರಡನೆಯದನ್ನೇ.

ಜಗುಲಿಯ ಆಟ, ಪಂದ್ಯದ ಆಟ

ಚದುರಂಗ ಕನ್ನಡನಾಡಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜವಿನೋದಗಳ ಸಾಲಿನಲ್ಲಿ ಈ ಆಟವನ್ನೂ ವಿವರಿಸಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳ ಮಹಾಪ್ರೇಮಿಗಳು. ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಕುದುರೆಯ ನಡೆಯ ಚಮತ್ಕಾರಗಳನ್ನು ರಚಿಸುವುದರಲ್ಲಿ ಅವರಿಗೆ ಅಪಾರವಾದ ಆಸಕ್ತಿಯಿತ್ತು. ಅದೇ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಹದಿನಾರು ವರ್ಷದೊಳಗಿನವರ ವಿಶ್ವ ಪ್ರಶಸ್ತಿಯನ್ನು ಗೆದ್ದುದಲ್ಲದೆ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನೂ ಪಡೆದರು.

ಆದರೆ ಮನೆಯ ಜಗುಲಿಯ ಮೇಲೆ ಆಡುವ ಆಟವೇ ಬೇರೆ. ಅಲ್ಲಿ ಆಡುವವರು ಇಬ್ಬರಾದರೆ ಆಡಿಸುವವರು ನಾಲ್ವರು. ‘ಒಂಟೆ ಹೋಯಿತಲ್ಲೋ, ನೋಡಿಕೋ!’ ಎಂದು ಪಕ್ಕದವರು ಎಚ್ಚರಿಸುತ್ತಾರೆ. ತಪ್ಪು ನಡೆಸಿದ ಮೊಮ್ಮಗನಿಗೆ ತಾತ, ‘ಹೋಗಲಿ, ಹಿಂದಕ್ಕೆ ತಗೋ ಮಗು’ ಎನ್ನುತ್ತಾರೆ. ಹಳೆಯ ಕಾಲದ ದೇಶೀ ಆಟದ ಕ್ರಮಗಳೂ ಅಲ್ಲಿ ಉಳಿದಿರುವುದುಂಟು: ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗಬೇಕು, ರಾಜ ಆಟದಲ್ಲಿ ಒಮ್ಮೆ ಕುದುರೆಯಂತೆ ಹಾರಬಹುದು. ಇವೆಲ್ಲ ಸ್ನೇಹದ ಆಟಕ್ಕೆ ಸೊಗಸು. ಆದರೆ ತಾತನ ಬಳಿ ಹೀಗೆ ಕಲಿತ ಮಗು ನೇರವಾಗಿ ಸ್ಪರ್ಧೆಯ ಮೇಜಿಗೆ ಬಂದು ಕುಳಿತರೆ ಅದರ ಗತಿಯೇನು? ಅಲ್ಲಿ ನಡೆಯುವುದು ಅಂತಾರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ನಿಯಮ. 1924ರ ಜುಲೈ 20ರಂದು ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ನಿಯಮಾವಳಿ ಜಗಜ್ಜೇತನಿಗೂ ಒಂದೇ, ಮಾಗಡಿ ರಸ್ತೆಯ ಎಂಟು ವರ್ಷದ ಬಾಲಕನಿಗೂ ಒಂದೇ.

ಕೈಗೊಂದು ಕಟ್ಟುಪಾಡು

ಆ ನಿಯಮಗಳಲ್ಲಿ ಹೇಳಲು ಅತಿ ಸುಲಭವಾದದ್ದೂ ಪಾಲಿಸಲು ಅತಿ ಕಠಿಣವಾದದ್ದೂ ಒಂದೇ: ಮುಟ್ಟಿದ ಕಾಯಿಯನ್ನು ನಡೆಸಬೇಕು. ತನ್ನ ಸರದಿ ಬಂದಾಗ ಆಟಗಾರನು ತನ್ನ ಕಾಯಿಯೊಂದನ್ನು ಉದ್ದೇಶಪೂರ್ವಕವಾಗಿ ಮುಟ್ಟಿದರೆ, ಅದಕ್ಕೆ ನಡೆಯಿರುವ ಪಕ್ಷದಲ್ಲಿ, ಅದನ್ನೇ ನಡೆಸಬೇಕು. ಎದುರಾಳಿಯ ಕಾಯಿಯನ್ನು ಮುಟ್ಟಿದರೆ, ಹೊಡೆಯಲು ಸಾಧ್ಯವಿದ್ದಲ್ಲಿ, ಹೊಡೆಯಲೇಬೇಕು. ನಿಯಮಬದ್ಧವಾದ ಮನೆಯಲ್ಲಿಟ್ಟು ಬೆರಳು ಬಿಟ್ಟಮೇಲೆ ಆ ನಡೆಯನ್ನು ಬದಲಿಸುವಂತಿಲ್ಲ. ಅಂಗಿಯ ತೋಳು ತಗುಲಿ ಕಾಯಿ ಉರುಳಿದರೆ ಅದು ಮುಟ್ಟಿದಂತಲ್ಲ. ಓರೆಯಾಗಿ ನಿಂತ ಕಾಯಿಯನ್ನು ನೆಟ್ಟಗೆ ಮಾಡಬೇಕಾದರೆ ‘ಸರಿಪಡಿಸುತ್ತೇನೆ’ ಎಂದು ಮೊದಲೇ ಹೇಳಬೇಕು. ಮುಟ್ಟಿ ಆದ ಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಕೈಗೆ ಸಂಬಂಧಿಸಿದ ಇನ್ನೂ ಎರಡು ಮೂರು ವಿಧಿಗಳಲ್ಲಿ ಮಕ್ಕಳು ಎಡವುವುದು ಸಾಮಾನ್ಯ. ಯಾವ ನಡೆಯನ್ನೇ ಆಗಲಿ ಒಂದೇ ಕೈಯಿಂದ ನಡೆಸಬೇಕು. ಅದೇ ಕೈಯಿಂದಲೇ ಗಡಿಯಾರವನ್ನು ಒತ್ತಬೇಕು. ರಾಜನನ್ನು ಕೋಟೆಯೊಳಗೆ ಸೇರಿಸುವ ಕ್ಯಾಸ್ಲಿಂಗಿನಲ್ಲಿ ಮೊದಲು ರಾಜನನ್ನು, ಅನಂತರ ಆನೆಯನ್ನು ಮುಟ್ಟಬೇಕು. ಆನೆಯನ್ನೇ ಮೊದಲು ಮುಟ್ಟಿದವನು ಆ ಸರದಿಯಲ್ಲಿ ಆ ಆನೆಯೊಡನೆ ಕ್ಯಾಸ್ಲಿಂಗ್ ಮಾಡುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಎರಡು ಕೈಗಳಿಂದಲೂ ನಡೆಸಿ ಗಡಿಯಾರವನ್ನು ಒತ್ತಿದರೆ ಅದು ನಿಯಮಬಾಹಿರ ನಡೆ. ಕೊನೆಯ ಸಾಲನ್ನು ಮುಟ್ಟಿದ ಕಾಲಾಳಿಗೆ ಬದಲಾಗಿ ಬೇರೆ ಕಾಯಿಯನ್ನಿಡದೆ ಗಡಿಯಾರ ಒತ್ತಿದರೂ ಅಷ್ಟೆ. ದೀರ್ಘಾವಧಿಯ ಪಂದ್ಯದಲ್ಲಿ ಇಂಥ ಮೊದಲ ತಪ್ಪಿಗೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಕಾಲ ದೊರೆಯುತ್ತದೆ. ಎರಡನೆಯ ತಪ್ಪಿಗೆ ಸಾಮಾನ್ಯವಾಗಿ ಆಟವೇ ಹೋಗುತ್ತದೆ.

ಇನ್ನು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಒಂಬತ್ತು ವರ್ಷದ ಹುಡುಗ. ಗೆಲುವು ಕೈಗೆಟಕುವಂತಿದೆ. ಆತುರದಿಂದ ಕುದುರೆಯ ತಲೆಯ ಮೇಲೆ ಬೆರಳಿಡುತ್ತಾನೆ. ಆಗಲೇ ಕಾಣುತ್ತದೆ, ಕುದುರೆ ಕದಲಿದರೆ ಮಂತ್ರಿ ಹೋಗುತ್ತದೆ! ಬೆರಳು ಹಿಂದೆ ಬರುತ್ತದೆ. ಎದುರಿನ ಹುಡುಗಿ ಕೈಯೆತ್ತುತ್ತಾಳೆ. ತೀರ್ಪುಗಾರರು ಬರುತ್ತಾರೆ. ಅವರು ನೋಡಿಲ್ಲ; ಪಕ್ಕದ ಮೇಜಿನವರು ತಮ್ಮ ಆಟದಲ್ಲಿ ಮುಳುಗಿದ್ದಾರೆ. ಸಾಕ್ಷಿಯಿಲ್ಲ. ತೀರ್ಪುಗಾರರು ಬಾಗಿ ಮೆಲ್ಲನೆ ಕೇಳುತ್ತಾರೆ: ‘ಕುದುರೆಯನ್ನು ಮುಟ್ಟಿದೆಯೇನಪ್ಪ?’

ಹುಡುಗ ‘ಇಲ್ಲ ಸಾರ್’ ಎಂದರೆ ಅಲ್ಲಿಗೆ ಮುಗಿಯಿತು. ಸಾಕ್ಷಿಯಿಲ್ಲದ ದೂರನ್ನು ಎತ್ತಿಹಿಡಿಯಲು ತೀರ್ಪುಗಾರರಿಗೆ ದಾರಿಯಿಲ್ಲ. ಇಡೀ ನಿಯಮಾವಳಿಯ ಭಾರ ಆ ಕ್ಷಣದಲ್ಲಿ ಒಂಬತ್ತು ವರ್ಷದ ಮಗುವಿನ ಒಂದು ಮಾತಿನ ಮೇಲೆ ನಿಂತಿರುತ್ತದೆ.

ದೊಡ್ಡವರೂ ಈ ಪರೀಕ್ಷೆಯಲ್ಲಿ ತಡವರಿಸಿದ್ದುಂಟು. 1994ರಲ್ಲಿ ಸ್ಪೇನಿನ ಲಿನಾರೆಸ್ ಪಂದ್ಯಾವಳಿಯಲ್ಲಿ ಜಗಜ್ಜೇತ ಗ್ಯಾರಿ ಕಾಸ್ಪರೋವ್ ಎದುರಿಗೆ ಕುಳಿತಿದ್ದವಳು ಹದಿನೇಳರ ಹರೆಯದ ಹಂಗೇರಿಯ ಯೂದಿತ್ ಪೋಲ್ಗಾರ್. ಕಾಸ್ಪರೋವ್ ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಅಪಾಯವನ್ನು ಕಂಡು, ಮತ್ತೊಂದು ಮನೆಗೆ ಒಯ್ದರು. ಬೆರಳು ಬಿಟ್ಟಿತ್ತೆ, ಇಲ್ಲವೆ? ಆಕೆ ದೂರು ಕೊಡಲಿಲ್ಲ. ಜಗಜ್ಜೇತನೊಡನೆ ಮನಸ್ತಾಪ ಬೇಡವೆಂದೂ, ದೂರು ನಿಲ್ಲದಿದ್ದರೆ ಕಾಲದ ದಂಡ ತಗುಲೀತೆಂದೂ ಹಿಂಜರಿದಳು. ಆಟ ಕಾಸ್ಪರೋವ್ ಪಾಲಾಯಿತು. ಆದರೆ ಅಲ್ಲಿದ್ದ ಟೆಲಿವಿಷನ್ ಕ್ಯಾಮರಾ ಸುಳ್ಳು ಹೇಳಲಿಲ್ಲ: ಸುಮಾರು ಕಾಲು ಸೆಕೆಂಡಿನಷ್ಟು ಹೊತ್ತು ಬೆರಳು ಕುದುರೆಯನ್ನು ಬಿಟ್ಟಿತ್ತು. ಆ ಕಾಲು ಸೆಕೆಂಡಿನ ಮಾತು ಮೂವತ್ತು ವರ್ಷ ಕಳೆದರೂ ನಿಂತಿಲ್ಲ.

ಈ ಪ್ರಸಂಗದಿಂದ ಮಕ್ಕಳು ಕಲಿಯಬೇಕಾದ ಪಾಠ ಎರಡು. ಮುಟ್ಟಿದವನು ಒಪ್ಪಿಕೊಳ್ಳಬೇಕೆಂಬುದು ಒಂದು. ಅನ್ಯಾಯವಾಯಿತೆಂದು ತೋರಿದವರು ಒಡನೆಯೇ ಕೈಯೆತ್ತಬೇಕೆಂಬುದು ಇನ್ನೊಂದು. ತಾನೇ ಒಂದು ಕಾಯಿಯನ್ನು ಉದ್ದೇಶಪೂರ್ವಕವಾಗಿ ಮುಟ್ಟಿಬಿಟ್ಟರೆ ಎದುರಾಳಿಯ ಸ್ಪರ್ಶದ ವಿಷಯದಲ್ಲಿ ದೂರು ಹೇಳುವ ಹಕ್ಕು ಅಲ್ಲಿಗೆ ತೀರಿತು. ಕೈಯೆತ್ತುವ ಮೊದಲು ಗಡಿಯಾರವನ್ನು ನಿಲ್ಲಿಸಲು ಅವಕಾಶವಿದೆ. ತೀರ್ಪುಗಾರರನ್ನು ಕರೆಯುವುದು ಜಗಳಗಂಟತನವಲ್ಲ. ಎದುರಾಳಿಯೊಡನೆ ತಾನೇ ವಾದಕ್ಕಿಳಿಯುವುದು ತಪ್ಪು.

ನಾಲಗೆಗೊಂದು ಕಟ್ಟುಪಾಡು

ಕೈಯನ್ನು ಬಿಗಿಹಿಡಿದರೆ ಸಾಲದು, ನಾಲಗೆಯನ್ನೂ ಹಿಡಿಯಬೇಕು. ಎದುರಾಳಿಯ ಮನಸ್ಸನ್ನು ಯಾವುದೇ ರೀತಿಯಲ್ಲಿ ಕದಡುವುದು ನಿಷಿದ್ಧ. ಮೇಜು ಕುಟ್ಟುವುದು, ಕಾಲು ಅಲುಗಿಸುವುದು, ಹೊಡೆದ ಕಾಯಿಗಳನ್ನು ಟಕಟಕನೆ ಬಡಿಯುವುದು, ನಿಟ್ಟುಸಿರಿಡುವುದು ಇವೆಲ್ಲ ಮಕ್ಕಳಿಗೆ ಕ್ಷುಲ್ಲಕವಾಗಿ ಕಂಡರೂ ತೀರ್ಪುಗಾರರಿಗೆ ಕ್ಷುಲ್ಲಕವಲ್ಲ. ಆಟ ಸಮವಾಗಲೆಂದು ‘ಡ್ರಾ’ ಕೇಳುವುದಕ್ಕೂ ಒಂದು ಕ್ರಮವುಂಟು. ಮೊದಲು ನಡೆಸಬೇಕು, ಅನಂತರ ಕೇಳಬೇಕು, ಆಮೇಲೆ ಗಡಿಯಾರವನ್ನು ಒತ್ತಬೇಕು. ಎದುರಾಳಿ ಒಲ್ಲೆನೆಂದ ಮೇಲೆ ಪದೇಪದೇ ಕೇಳುವುದೂ ಒಂದು ಬಗೆಯ ಕಿರುಕುಳವೆಂದೇ ನಿಯಮ ಭಾವಿಸುತ್ತದೆ.

ಮೊಬೈಲ್ ಫೋನಿನ ವಿಷಯದಲ್ಲಿ ನಿಯಮ ಇನ್ನೂ ನಿಷ್ಠುರ. ತೀರ್ಪುಗಾರರ ಅನುಮತಿಯಿಲ್ಲದ ಯಾವ ವಿದ್ಯುನ್ಮಾನ ಸಾಧನವೂ ಆಟಗಾರನ ಬಳಿ ಇರಕೂಡದು. ಕಂಡುಬಂದರೆ, ಸ್ಪರ್ಧೆಯ ನಿಯಮಗಳು ಲಘುಶಿಕ್ಷೆ ವಿಧಿಸದಿದ್ದರೆ, ಆಟ ಸೋತಂತೆ. 2003ರಲ್ಲಿ ಬಲ್ಗೇರಿಯದ ಪ್ಲೊವ್‌ದಿವ್ ನಗರದ ಯೂರೋಪಿಯನ್ ತಂಡ ಪಂದ್ಯಾವಳಿಯಲ್ಲಿ ಉಕ್ರೇನಿನ ರುಸ್ಲಾನ್ ಪೊನೊಮರಿಯೊವ್ ಅವರ ಫೋನು ಆಟದ ನಡುವೆ ರಿಂಗಣಿಸಿತು. ಹಿಂದಿನ ವರ್ಷವಷ್ಟೇ ಫಿಡೆಯ ವಿಶ್ವ ಪ್ರಶಸ್ತಿ ಗೆದ್ದಿದ್ದ ಆಟಗಾರ ಆತ. ಆದರೂ ರಿಯಾಯಿತಿ ದೊರೆಯಲಿಲ್ಲ, ಆಟ ಕೈಬಿಟ್ಟಿತು. ಇಂದಿನ ಫೋನಿನೊಳಗೆ ಜಗಜ್ಜೇತನನ್ನೂ ಸೋಲಿಸಬಲ್ಲ ಯಂತ್ರಬುದ್ಧಿ ಅಡಗಿರುವಾಗ ಈ ನಿಷ್ಠುರತೆ ಅತಿಯಾಯಿತೆನ್ನುವವರಾರು?

ನಾಲಗೆಯ ಕಟ್ಟುಪಾಡು ಆಟಗಾರರಿಗಿಂತ ಹೆಚ್ಚಾಗಿ ಬೇಕಾದದ್ದು ತಂದೆತಾಯಿಗಳಿಗೆ. ಪ್ರೇಕ್ಷಕರು ಆಟದ ವಿಷಯವಾಗಿ ಒಂದು ಮಾತನ್ನೂ ಆಡಕೂಡದು. ತಪ್ಪೇನಾದರೂ ಕಣ್ಣಿಗೆ ಬಿದ್ದರೆ ತೀರ್ಪುಗಾರರಿಗೆ ಮಾತ್ರ ತಿಳಿಸಬಹುದು. ಕೆಮ್ಮು, ಹುಬ್ಬಿನ ಸನ್ನೆ, ‘ನೀರು ಕುಡಿಯೋ’ ಎಂಬ ನೆಪದ ಮಾತು ಇವೂ ಸಂಶಯಕ್ಕೆ ಎಡೆಗೊಡುತ್ತವೆ. ಅಪ್ಪ ಅಮ್ಮಂದಿರನ್ನು ಹಜಾರದಿಂದ ಹೊರಗಿರಿಸುವ ಪದ್ಧತಿ ಬಂದುದು ಸುಮ್ಮನೆ ಅಲ್ಲ.

ಅಂಕಗಳ ಲೆಕ್ಕ

ಹೊರಗೆ ಕುಳಿತವರ ಚರ್ಚೆಗೆ ಇನ್ನೊಂದು ವಸ್ತು, ಅಂಕಗಳ ಲೆಕ್ಕ. ಈ ಸ್ಪರ್ಧೆಗಳು ಹೆಚ್ಚಾಗಿ ನಡೆಯುವುದು ‘ಸ್ವಿಸ್’ ಪದ್ಧತಿಯಲ್ಲಿ. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮೊದಲು ಬಳಕೆಗೆ ಬಂದ ಈ ಕ್ರಮದಲ್ಲಿ ಸೋತವರು ಮನೆಗೆ ಹೋಗಬೇಕಾಗಿಲ್ಲ. ಪ್ರತಿ ಸುತ್ತಿನಲ್ಲಿಯೂ ಸರಿಸುಮಾರು ಸಮಾನ ಅಂಕದವರು ಎದುರೆದುರಾಗುತ್ತಾರೆ. ಕೊನೆಯಲ್ಲಿ ಇಬ್ಬರ ಅಂಕ ಸಮವಾದರೆ, ಅವರವರ ಎದುರಾಳಿಗಳು ಗಳಿಸಿದ ಅಂಕಗಳ ಮೊತ್ತವನ್ನು ನೋಡಿ ಸ್ಥಾನ ನಿರ್ಣಯಿಸುವುದು ಬಳಕೆಯಲ್ಲಿರುವ ಒಂದು ಕ್ರಮ. ‘ನಮ್ಮ ಮಗುವಿಗೂ ಅಷ್ಟೇ ಅಂಕ, ಕಪ್ಪು ಮಾತ್ರ ಅವರಿಗೆ!’ ಎಂಬ ಅಸಮಾಧಾನಕ್ಕೆ ಬಹುಮಟ್ಟಿಗೆ ಈ ಲೆಕ್ಕದ ಅರಿವಿಲ್ಲದಿರುವುದೇ ಕಾರಣ. ಬಲಿಷ್ಠರೊಡನೆ ಸೆಣಸಿ ಪಡೆದ ಅಂಕಕ್ಕೆ ತೂಕ ಹೆಚ್ಚು, ಅದರಲ್ಲಿ ಅನ್ಯಾಯವೇನಿದೆ?

ಸೋಲುವ ವಿದ್ಯೆ

ಚದುರಂಗದಲ್ಲಿ ಅದೃಷ್ಟಕ್ಕೆ ಸ್ಥಳವಿಲ್ಲ, ದಾಳವಿಲ್ಲ, ಕವಡೆಯಿಲ್ಲ. ಆದುದರಿಂದಲೇ ಇಲ್ಲಿಯ ಸೋಲು ಕಹಿ. ದೂರಲು ತನ್ನನ್ನು ಬಿಟ್ಟು ಇನ್ನಾರೂ ಇಲ್ಲ. ಈ ಕಹಿಯನ್ನು ನುಂಗಿ, ಎದ್ದು, ಎದುರಾಳಿಯ ಕೈ ಕುಲುಕಿ, ಕಾಯಿಗಳನ್ನು ಮೊದಲಿನಂತೆ ಜೋಡಿಸಿಡುವುದು ಮಕ್ಕಳಿಗೆ ಕಲಿಸಬೇಕಾದ ಕೊನೆಯ ನಡೆ.

ಕೈಕುಲುಕುವುದು ಬರಿಯ ಉಪಚಾರವಲ್ಲ. 2008ರಲ್ಲಿ ನೆದರ್‌ಲೆಂಡ್ಸಿನ ವೈಕ್ ಆನ್ ಜೀ ಪಂದ್ಯಾವಳಿಯಲ್ಲಿ ಬಲ್ಗೇರಿಯದ ಇವಾನ್ ಚೆಪರಿನೊವ್ ಇಂಗ್ಲೆಂಡಿನ ನೈಜೆಲ್ ಶಾರ್ಟ್ ನೀಡಿದ ಕೈಯನ್ನು ಹಿಡಿಯಲಿಲ್ಲ. ತೀರ್ಪುಗಾರರು ಆಟವನ್ನು ಶಾರ್ಟ್ ಅವರಿಗೆ ಕೊಟ್ಟರು. ಮೇಲ್ಮನವಿಯ ಬಳಿಕ, ಚೆಪರಿನೊವ್ ಕ್ಷಮೆ ಕೇಳಿ ಕೈಕುಲುಕಿದ ಮೇಲೆ, ಆಟ ಮತ್ತೆ ನಡೆಯಿತು; ಆಗಲೂ ಗೆದ್ದವರು ಶಾರ್ಟ್ ಅವರೇ. 2025ರ ಜೂನಿನಲ್ಲಿ ನಾರ್ವೆಯಲ್ಲಿ ದೊಮ್ಮರಾಜು ಗುಕೇಶ್ ಎದುರು ಸೋತ ಮ್ಯಾಗ್ನಸ್ ಕಾರ್ಲ್‌ಸನ್ ಮೇಜನ್ನು ಗುದ್ದಿದ್ದನ್ನು ಲೋಕವೇ ಕಂಡಿತು. ಅಲ್ಲಿಯೇ ಅವರು ಕ್ಷಮೆ ಕೇಳಿದ್ದನ್ನೂ ಕಂಡಿತು. ಅದೇ ಗುಕೇಶ್ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟರ ಹರೆಯದಲ್ಲಿ ಜಗಜ್ಜೇತರಾದ ಕ್ಷಣದಲ್ಲಿ ಮಾಡಿದ್ದೇನು? ಕಣ್ಣೀರು ಸುರಿಯುತ್ತಿದ್ದಂತೆಯೇ ಕಾಯಿಗಳನ್ನು ಒಂದೊಂದಾಗಿ ಅವುಗಳ ಮನೆಗಳಲ್ಲಿ ಜೋಡಿಸಿಟ್ಟರು. ಬಾಲ್ಯದ ಅಭ್ಯಾಸ ಸಿಂಹಾಸನದ ಮೇಲೂ ಬಿಡಲಿಲ್ಲ.

ಮತ್ತೆ ಆ ಒಂಬತ್ತು ವರ್ಷದ ಹುಡುಗ. ತೀರ್ಪುಗಾರರು ಇನ್ನೂ ಉತ್ತರಕ್ಕಾಗಿ ಕಾದಿದ್ದಾರೆ. ಅವನ ಮುಂದಿರುವ ದಾರಿ ಎರಡು. ಒಂದರಲ್ಲಿ ಅವನ ಮಂತ್ರಿ ಉಳಿಯುತ್ತದೆ. ಇನ್ನೊಂದರಲ್ಲಿ ಮಂತ್ರಿ ಹೋಗುತ್ತದೆ, ಬಹುಶಃ ಆಟವೂ ಹೋಗುತ್ತದೆ. ಅವನು ಯಾವ ದಾರಿಯನ್ನು ಹಿಡಿಯುತ್ತಾನೆಂಬುದು ಆ ಹಜಾರದಲ್ಲಿ ನಿರ್ಣಯವಾಗುವುದಿಲ್ಲ; ಮನೆಯಲ್ಲಿ ಎಂದೋ ನಿರ್ಣಯವಾಗಿರುತ್ತದೆ. ಹೊರಗೆ ಬಂದ ಮಗುವನ್ನು ಎದುರುಗೊಳ್ಳುವ ಮೊದಲ ಪ್ರಶ್ನೆ ಪ್ರತಿ ಭಾನುವಾರವೂ ‘ಗೆದ್ದೆಯಾ?’ ಎಂಬುದೊಂದೇ ಆಗಿದ್ದರೆ, ‘ಇಲ್ಲ ಸಾರ್’ ಎಂಬ ಸುಳ್ಳಿನಲ್ಲಿ ಅರ್ಧ ಪಾಲು ಹಿರಿಯರದು. ‘ಹೇಗೆ ಆಡಿದೆ, ಕಂದ?’ ಎಂದು ಕೇಳುವ ಮನೆಯ ಮಗು ‘ಮುಟ್ಟಿದೆ ಸಾರ್’ ಎಂದೀತು. ತುಟಿ ನಡುಗಿದರೂ ಕುದುರೆಯನ್ನು ಎತ್ತಿ ಇಟ್ಟೀತು.

ಅಂದು ಅದು ಸೋತು ಮನೆಗೆ ಬರಬಹುದು. ಡಬ್ಬಿಯಲ್ಲಿ ಉಳಿದ ಚಿತ್ರಾನ್ನವನ್ನು ಮೆಟ್ರೊ ನಿಲ್ದಾಣದ ಹೊರಗೆ ಕುಳಿತು ಮೌನವಾಗಿ ತಿನ್ನಬಹುದು. ಆ ಮೌನದಲ್ಲಿ ಮಗುವಿನ ಬೆನ್ನ ಮೇಲೆ ಕೈಯಿಡುವ ತಾಯಿ ಯಾವ ಕಪ್ಪೂ ಕೊಡಲಾರದ ಬಹುಮಾನವನ್ನು ಕೊಟ್ಟಿರುತ್ತಾಳೆ. ಮುಂದಿನ ಭಾನುವಾರಕ್ಕೆ ಮಣೆ ಮತ್ತೆ ಸಿದ್ಧವಾಗಿರುತ್ತದೆ. ಮೂವತ್ತೆರಡು ಕಾಯಿಗಳೂ ತಂತಮ್ಮ ಮನೆಗಳಲ್ಲಿರುತ್ತವೆ.