ಕಿವಿಗೊಡದೆ ಅರಿಯುವ ಯಂತ್ರ

ರಾತ್ರಿ ಊಟದ ಹೊತ್ತಿನಲ್ಲಿ ಮನೆಯವರೆಲ್ಲ ಕುಳಿತು ಮದುವೆಗೆ ಕೊಳ್ಳಬೇಕಾದ ರೇಷ್ಮೆ ಸೀರೆಯ ಮಾತನ್ನಾಡಿದೆವೆಂದೂ, ಬೆಳಗಾಗಿ ಮೊಬೈಲನ್ನು ತೆರೆದೊಡನೆ ಅದೇ ಬಗೆಯ ಸೀರೆಯ ಜಾಹೀರಾತು ಎದುರಾಯಿತೆಂದೂ, ಆದಕಾರಣ ಈ ಯಂತ್ರವು ಅಹೋರಾತ್ರಿ ನಮ್ಮ ಸಂಭಾಷಣೆಯನ್ನು ಆಲಿಸುತ್ತಿರುವುದು ನಿಸ್ಸಂಶಯವೆಂದೂ ಹೇಳದವರು ಈಗ ವಿರಳ. ಈ ನಂಬಿಕೆ ಎಷ್ಟು ವ್ಯಾಪಕವೋ ಅದರ ಆಧಾರ ಅಷ್ಟೇ ದುರ್ಬಲವಾದುದು. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರು 17,260 ಆಂಡ್ರಾಯ್ಡ್ ಆಪ್‌ಗಳನ್ನು ಶೋಧಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಳಸುವವನಿಗೆ ತಿಳಿಯದಂತೆ ಮೈಕನ್ನು ತೆರೆದು ಅವನ ಮಾತನ್ನು ಹೊರಕ್ಕೆ ಸಾಗಿಸಿದ ಆಪ್ ಒಂದೂ ಸಿಕ್ಕಲಿಲ್ಲ. ಸಿಕ್ಕಿದ್ದು ಬೇರೆಯೇ ಒಂದು ಸಂಗತಿ: ತಿಂಡಿತಿನಿಸುಗಳನ್ನು ಮನೆಗೆ ತಲುಪಿಸುವ ಆಪ್ ಒಂದು, ಗಿರಾಕಿಯು ಪರದೆಯ ಮೇಲೆ ನಡೆಸಿದ ವ್ಯವಹಾರವನ್ನು ವಿಡಿಯೊ ಮಾಡಿ, ಅವನಿಗೆ ಯಾವ ಸಂಬಂಧವೂ ಇಲ್ಲದ ಮತ್ತೊಂದು ಕಂಪನಿಗೆ ಕಳುಹಿಸುತ್ತಿತ್ತು. ಕಿವಿಯನ್ನು ಹುಡುಕಹೊರಟವರಿಗೆ ಕಣ್ಣು ಸಿಕ್ಕಿತೆನ್ನಬೇಕು. ಪೆಗಾಸಸ್‌ನಂತಹ ಗೂಢಚಾರ ತಂತ್ರಾಂಶಗಳು ಮೈಕನ್ನು ವಶಪಡಿಸಿಕೊಳ್ಳಬಲ್ಲವು, ದಿಟ. ಆದರೆ ಅವು ಆಯ್ದ ವ್ಯಕ್ತಿಗಳ ಮೇಲೆ ಪ್ರಯೋಗಿಸುವ ದುಬಾರಿ ಅಸ್ತ್ರಗಳೇ ಹೊರತು ಸೀರೆ ಮಾರುವವರ ಸಾಧನಗಳಲ್ಲ.

ಹಾಗಾದರೆ ಆ ಜಾಹೀರಾತು ಬಂದದ್ದೆಲ್ಲಿಂದ? ಮಾತು ಮುಗಿದ ಮೇಲೆ ಮನೆಯವರಲ್ಲೊಬ್ಬರು ಸೀರೆಯ ಬೆಲೆಯನ್ನು ಹುಡುಕಿರಬಹುದು; ಒಂದೇ ವೈಫೈಗೆ ಸೇರಿದ ಮೊಬೈಲುಗಳೆಲ್ಲ ಹೊರಗಿನವರಿಗೆ ಸಾಮಾನ್ಯವಾಗಿ ಒಂದೇ ವಿಳಾಸದವಾಗಿ ತೋರುವುದರಿಂದ, ಒಬ್ಬರ ಕುತೂಹಲದ ಫಲ ಇನ್ನೊಬ್ಬರ ಪರದೆಯ ಮೇಲೆ ಮೂಡುವುದು ಅಸಹಜವಲ್ಲ. ನೋಡಿಯೂ ನೋಡದಂತೆ ದಾಟಿಹೋದ ನೂರಾರು ಜಾಹೀರಾತುಗಳನ್ನು ಮರೆತು, ಮಾತಿಗೆ ತಾಳೆಯಾದ ಒಂದನ್ನೇ ನೆನಪಿಟ್ಟುಕೊಳ್ಳುವ ಮನುಷ್ಯಸ್ವಭಾವವೂ ಇಲ್ಲಿ ತನ್ನ ಪಾಲನ್ನು ಸಲ್ಲಿಸುತ್ತದೆ. ಆದರೆ ಮುಖ್ಯವಾದ ಕಾರಣ ಇವೆರಡೂ ಅಲ್ಲ. ಪ್ರತಿಯೊಂದು ಸ್ಮಾರ್ಟ್‌ಫೋನಿಗೂ ಜಾಹೀರಾತು ಐಡಿ ಎಂಬ ಒಂದು ದೀರ್ಘವಾದ ಗುರುತು ಉಂಟು. ಆಪ್ ತಯಾರಿಸುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲವಾಗಿ, ಜಾಹೀರಾತಿನ ಕಂಪನಿಗಳು ಸಿದ್ಧಪಡಿಸಿಕೊಟ್ಟ ತಂತ್ರಾಂಶದ ತುಣುಕುಗಳನ್ನು ತಮ್ಮ ಆಪ್‌ನೊಳಗೆ ಹುದುಗಿಸುತ್ತಾರೆ. ಒಂದೇ ತುಣುಕು ಆಟದ ಆಪ್‌ನಲ್ಲಿಯೂ ಪಂಚಾಂಗದ ಆಪ್‌ನಲ್ಲಿಯೂ ಔಷಧ ತರಿಸುವ ಆಪ್‌ನಲ್ಲಿಯೂ ಕುಳಿತು, ತಾನು ಕಂಡದ್ದನ್ನು ಅದೇ ಗುರುತಿನೊಡನೆ ಒಂದೇ ಕಡೆಗೆ ರವಾನಿಸುತ್ತದೆ. ಊರಿನ ಕಿರಾಣಿಯವನೂ ಔಷಧದಂಗಡಿಯವನೂ ಬಸ್ಸಿನ ಕಂಡಕ್ಟರನೂ ತಂತಮ್ಮ ಲೆಕ್ಕವನ್ನು ಒಬ್ಬನೇ ಶಾನುಭೋಗನಿಗೆ ಒಪ್ಪಿಸುತ್ತ ಬಂದರೆ, ಆತನು ಯಾರ ಮನೆಯ ಬಾಗಿಲಿಗೂ ಕಿವಿಯಾನಿಸದೆಯೇ ಯಾರ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರು ದೂರದ ಊರಿಗೆ ಪದೇ ಪದೇ ಹೋಗಿಬರುತ್ತಾರೆ ಎಂಬುದನ್ನು ಹೇಳಬಲ್ಲವನಾಗುವುದಿಲ್ಲವೆ?

ಗುರುತಿನಲ್ಲಿ ಹೆಸರಿಲ್ಲವಷ್ಟೆ, ಆದುದರಿಂದ ಅಪಾಯವೇನು, ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ಕಂಪನಿಗಳು ಕೊಡುವ ಸಮಾಧಾನವೂ ಇದೇ. ಆದರೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಐರೋಪ್ಯ ದೇಶವೊಂದರ ಹದಿನೈದು ಲಕ್ಷ ಮೊಬೈಲು ಬಳಕೆದಾರರ ಹದಿನೈದು ತಿಂಗಳ ಸಂಚಾರದ ದಾಖಲೆಯನ್ನು ಹೆಸರಳಿಸಿ ಪರಿಶೀಲಿಸಿದಾಗ, ಇಂಥ ಹೊತ್ತಿನಲ್ಲಿ ಇಂಥ ಸ್ಥಳದಲ್ಲಿದ್ದರೆಂಬ ಕೇವಲ ನಾಲ್ಕು ಸಂಗತಿಗಳು ನೂರಕ್ಕೆ 95 ಮಂದಿಯನ್ನು ಉಳಿದವರೆಲ್ಲರಿಂದ ಪ್ರತ್ಯೇಕಿಸಲು ಸಾಕಾದವು. ರಾತ್ರಿ ಮಲಗುವ ಸ್ಥಳ, ಹಗಲು ದುಡಿಯುವ ಸ್ಥಳ ಎಂಬೀ ಎರಡು ಗೊತ್ತಾದವನಿಗೆ ಹೆಸರು ಗೊತ್ತಾಗಲು ಎಷ್ಟು ಹೊತ್ತು ಬೇಕು?

ಇನ್ನು ಅನುಮತಿಯ ವಿಷಯ. ಲೊಕೇಶನ್ನನ್ನು ನಿಲ್ಲಿಸಿಬಿಟ್ಟರೆ ನಾವೆಲ್ಲಿದ್ದೇವೆಂಬುದು ಯಾರಿಗೂ ತಿಳಿಯದೆಂಬ ನಂಬಿಕೆ ಅರ್ಧಸತ್ಯವಾದುದರಿಂದಲೇ ಹೆಚ್ಚು ಅಪಾಯಕರ. ಕತ್ತಲೆಯಲ್ಲಿ ಮೊಬೈಲನ್ನು ಟಾರ್ಚಾಗಿಸುವ ಒಂದು ಆಪ್‌ನ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಹೊರಿಸಿದ ಆರೋಪವನ್ನು ಓದಬೇಕು: ಷರತ್ತುಗಳನ್ನು ಒಪ್ಪುವಿರಾ, ನಿರಾಕರಿಸುವಿರಾ ಎಂದು ಕೇಳುವ ಸೌಜನ್ಯವನ್ನು ತೋರುತ್ತಿದ್ದ ಆ ಆಪ್, ಉತ್ತರ ಬರುವುದಕ್ಕೆ ಮುಂಚೆಯೇ ಬಳಕೆದಾರನಿರುವ ಸ್ಥಳವನ್ನೂ ಅವನ ಮೊಬೈಲಿನ ಗುರುತನ್ನೂ ಅನ್ಯರಿಗೆ ಕಳುಹಿಸಲಾರಂಭಿಸುತ್ತಿತ್ತು. ಬೆಳಕು ಕೊಡುವುದಕ್ಕೆ ನಾವು ನಿಂತ ನೆಲದ ಅಕ್ಷಾಂಶ ರೇಖಾಂಶಗಳೇಕೆ ಬೇಕೆಂದು ಅದನ್ನು ಇಳಿಸಿಕೊಂಡ ಕೋಟ್ಯಂತರ ಜನರಲ್ಲಿ ಎಷ್ಟು ಮಂದಿ ಕೇಳಿದರೋ! ಗೂಗಲ್‌ನ ಲೊಕೇಶನ್ ಹಿಸ್ಟರಿಯನ್ನು ನಿಲ್ಲಿಸಿದ ಮೇಲೂ ಬೇರೊಂದು ಸೆಟ್ಟಿಂಗ್‌ನ ಮೂಲಕ ಸ್ಥಳದ ದಾಖಲೆ ಮುಂದುವರಿಯುತ್ತಿದ್ದುದನ್ನು ಅಸೋಸಿಯೇಟೆಡ್ ಪ್ರೆಸ್ 2018ರಲ್ಲಿ ಬಯಲಿಗೆಳೆಯಿತು. 2022ರಲ್ಲಿ ಆ ಕಂಪನಿ ಅಮೆರಿಕದ 40 ರಾಜ್ಯಗಳೊಡನೆ 39.15 ಕೋಟಿ ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ಅನುಮತಿಯನ್ನು ಸ್ಪಷ್ಟವಾಗಿ ನಿರಾಕರಿಸಿದಾಗಲೂ, ತೆಗೆದ ಫೋಟೊಗಳೊಳಗೆ ಅಡಗಿರುವ ಸ್ಥಳದ ವಿವರವನ್ನು ಓದಿ ಕಳುಹಿಸಿದ ಆಪ್ ಒಂದನ್ನು 2019ರಲ್ಲಿ ಸಂಶೋಧಕರು ತೋರಿಸಿಕೊಟ್ಟರು.

ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೋಡಿದ್ದು ಯಾರಿಗೂ ಕಾಣದೆಂಬ ನಂಬಿಕೆಗೆ ಹೆಚ್ಚು ಮಾತು ಬೇಡ: ಅದು ನಮ್ಮ ಮೊಬೈಲಿನಲ್ಲಿ ಚರಿತ್ರೆಯನ್ನು ಉಳಿಸುವುದಿಲ್ಲ, ಅಷ್ಟೆ; ಆಚೆಯ ಜಾಲತಾಣಕ್ಕೂ ಇಂಟರ್‌ನೆಟ್ ಒದಗಿಸುವವರಿಗೂ ಕಾಣುವುದು ಕಾಣುತ್ತಲೇ ಇರುತ್ತದೆ. ಆಪನ್ನು ಅಳಿಸಿದರೆ ಅದು ಒಯ್ದ ಮಾಹಿತಿಯೂ ಅಳಿಯುವುದೆಂಬುದೂ ಇದೇ ಜಾತಿಯ ಭ್ರಮೆ.

“ನನ್ನಲ್ಲಿ ಮುಚ್ಚಿಡತಕ್ಕದ್ದೇನೂ ಇಲ್ಲ” ಎಂಬ ಮಾತು ಸಜ್ಜನರ ಬಾಯಿಂದ ಬರುವುದರಿಂದ ಅದಕ್ಕೆ ಗೌರವವಿಟ್ಟೇ ಉತ್ತರಿಸಬೇಕು. ಕಾಂಟ್ಯಾಕ್ಟ್ಸ್ ನೋಡಲು ಆಪ್ ಒಂದಕ್ಕೆ ಒಪ್ಪಿಗೆಯಿತ್ತವರು ಕೊಟ್ಟಿದ್ದು ತಮ್ಮ ಸ್ವತ್ತನ್ನಲ್ಲ. ಅತ್ತೆಮಾವಂದಿರ, ಮೇಷ್ಟರ, ವೈದ್ಯರ, ಹಾಲಿನವನ ನಂಬರುಗಳನ್ನು, ಅವರಾರನ್ನೂ ಕೇಳದೆ. ಕ್ಷಣಾರ್ಧದಲ್ಲಿ ಸಾಲ ಕೊಡುವ ಆಪ್‌ಗಳು ಇದೇ ಪಟ್ಟಿಯನ್ನು ಹಿಡಿದುಕೊಂಡು, ಕಂತು ತಪ್ಪಿದವನ ಬಂಧುಮಿತ್ರರಿಗೆಲ್ಲ ಕರೆಮಾಡಿ ಅವನ ಮಾನವನ್ನು ಹರಾಜು ಹಾಕಿದ ಕಥೆಗಳು ನಮ್ಮ ಊರುಗಳಲ್ಲಿಯೇ ಬೇಕಾದಷ್ಟಿವೆ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸಾಲದ ಆಪ್‌ಗಳು ಕಾಂಟ್ಯಾಕ್ಟ್ಸ್, ಕರೆಗಳ ದಾಖಲೆ, ಫೈಲುಗಳು ಇವುಗಳತ್ತ ಕೈಚಾಚಕೂಡದೆಂದು ವಿಧಿಸಬೇಕಾಯಿತು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಏಕಮತದಿಂದ ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ. ಅವರಿಗೂ ಮುಚ್ಚಿಡತಕ್ಕದ್ದೇನಾದರೂ ಇದ್ದಿರಬಹುದೆಂದು ಯಾರೂ ಶಂಕಿಸಲಿಲ್ಲ.

ಇಷ್ಟನ್ನು ಕೇಳಿದವರು ಮತ್ತೊಂದು ತುದಿಗೆ ಹಾರಿ, ಇನ್ನು ಮಾಡಲಾಗುವುದೇನೂ ಇಲ್ಲವೆಂದು ಕೈಚೆಲ್ಲುವುದೂ ಅಷ್ಟೇ ತಪ್ಪಾದ ತೀರ್ಮಾನ. 2021ರ ಏಪ್ರಿಲಿನಿಂದ ಐಫೋನಿನ ಆಪ್‌ಗಳು ಜಾಹೀರಾತಿನ ಗುರುತನ್ನು ಪಡೆಯುವ ಮುನ್ನ ಒಡೆಯನ ಒಪ್ಪಿಗೆಯನ್ನು ಕೇಳಲೇಬೇಕಾಗಿದೆ. ಇತ್ತೀಚಿನ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಆ ಐಡಿಯನ್ನು ಸೆಟ್ಟಿಂಗ್ಸ್‌ನ ಜಾಹೀರಾತು ವಿಭಾಗದಲ್ಲಿ ಪೂರ್ತಿಯಾಗಿ ಅಳಿಸಬಹುದು, ಸ್ಥಳದ ಅನುಮತಿಯನ್ನು ಆಪ್ ತೆರೆದಿರುವಷ್ಟು ಹೊತ್ತಿಗೆ ಮಾತ್ರ ಮಿತಿಗೊಳಿಸಬಹುದು, ನಿಖರವಾದ ಸ್ಥಳದ ಬದಲು ಸ್ಥೂಲವಾದುದನ್ನಷ್ಟೆ ಕೊಡಬಹುದು. ಆದರೆ ಕಂಡ ಕಂಡ ಆಪ್‌ಗಳಿಗೆಲ್ಲ ಒಂದೇ ಫೋನ್ ನಂಬರನ್ನು ಕೊಟ್ಟು ಲಾಗಿನ್ ಆಗುವವರಿಗೆ ಐಡಿ ಅಳಿಸಿದ್ದರಿಂದ ದೊರೆಯುವ ರಕ್ಷಣೆ ಅಲ್ಪ. ಅಳಿಸಿದ ಗುರುತಿನ ಕೆಲಸವನ್ನು ಆ ನಂಬರೇ ಮಾಡಿಕೊಡುತ್ತದೆ.